ಮಡ್‌ಗಾರ್ಡಿನ ತಾಯಿತ

ಜಿಲಾನಿಯ ಸೈಕಲ್ ಪಂಕ್ಚರ್ ಆಗುತ್ತಿರಲಿಲ್ಲ. ಒಬ್ಬ ಮನುಷ್ಯನನ್ನು ಕಂಡರೆ ಹೊಟ್ಟೆ ಉರಿಯಲು ನನಗೆ ಇಷ್ಟು ಸಾಕಾಗಿತ್ತು.

ಎಪ್ಪತ್ನಾಲ್ಕನೆಯ ಇಸವಿಯ ಮಾತು. ನಾವಿಬ್ಬರೂ ಟಿಕೋಟಾದಿಂದ ವಿಜಾಪುರದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ದಿನಾ ಸೈಕಲ್ ತುಳಿಯುತ್ತಿದ್ದ ಹಮಾಲರು. ಆ ರಸ್ತೆಯ ಜಾಲಿಮುಳ್ಳುಗಳು ನನ್ನ ಸೈಕಲ್ಲಿನ ಸದ್ದು ಕೇಳಿಯೇ ಎದ್ದು ನಿಲ್ಲುತ್ತಿದ್ದವು. ಒಮ್ಮೆ ನನ್ನ ಟ್ಯೂಬು ಒಡೆದ ಸದ್ದಿಗೆ ಅತ್ತ ಹೊನವಾಡದವರು ಗುಡುಗೆಂದು ತಿಳಿದು, ಅಂಗಳದ ಜೋಳವನ್ನೆಲ್ಲ ಒಳಗೆ ಎಳೆದುಕೊಂಡರು. ಬೇಕಾದರೆ ಅವರನ್ನೇ ಕೇಳಿ.

ಜಿಲಾನಿ ಕಡ್ಡಿಯಂಥ ಆಳು, ಮಾತು ಕಡಿಮೆ. ಏನನ್ನೂ ಎಸೆದವನಲ್ಲ, ಅಂಗಿ ಹರಿದರೆ ಚೀಲವಾಗುತ್ತಿತ್ತು, ಚೀಲ ಹರಿದರೆ ಸೈಕಲ್ ಒರೆಸುವ ಬಟ್ಟೆ. ಹೆಂಡತಿ ಮಾಶಾಬಿ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಅರ್ಧವನ್ನು ಯಾರಿಗಾದರೂ ಕೊಟ್ಟೇ ತಿನ್ನುತ್ತಿದ್ದ. ಆ ಅರ್ಧ ಬಹಳ ಸಲ ನಾನೇ ತಿಂದಿದ್ದೇನೆ. ತಿಂದರೂ ಉರಿ ಆರಲಿಲ್ಲ.

ಆ ವರ್ಷ ಹಮಾಲರ ಮೇಲಿನ ಮುಕಾದಮ ಹಣಮಂತರಾಯರು ಒಂದು ಮಾತು ಹೇಳಿದರು. ತಿಂಗಳಿಡೀ ಕೆಲಸಕ್ಕೆ ಕರೆಯುವ ಭೋಂಗಾ ಊದುವ ಮೊದಲೇ ಬಂದವನಿಗೆ ಕಾಟಾದ ಕೆಲಸ. ಎಂದರೆ ನೆರಳಲ್ಲಿ ಕೂತು ಹತ್ತಿ ತೂಗುವುದು, ಹತ್ತಿ ತುಂಬಿದ ಅಂಡಿಗೆ ಹೊರುವುದಲ್ಲ. ತಿಂಗಳ ಕೊನೆಗೆ ಉಳಿದವರು ನಾವಿಬ್ಬರೇ. ನಾನು ದಾರಿಯ ಪಂಕ್ಚರಿಗೂ ಹೊತ್ತು ಇಟ್ಟುಕೊಂಡು ಕೋಳಿಗಿಂತ ಮೊದಲು ಏಳುತ್ತಿದ್ದೆ. ಅವನು ಆರಾಮಾಗಿ ಚಹಾ ಕುಡಿದು ಹೊರಡುತ್ತಿದ್ದ.

ಗುಟ್ಟು ನನಗೆ ಸಿಕ್ಕಿದ್ದು ಕೊನೆಯ ದಿನದ ಹಿಂದಿನ ಮಧ್ಯಾಹ್ನ. ಅವನ ಹಿಂದಿನ ಮಡ್‌ಗಾರ್ಡಿನ ಕೆಳಗೆ ಕರಿದಾರದಲ್ಲಿ ಒಂದು ತೊಗಲಿನ ತುಂಡು ಕಟ್ಟಿತ್ತು. ತೊಗಲು, ಕರಿದಾರ: ತಾಯಿತವೇ ಸರಿ! ಕೆಟ್ಟ ಕಣ್ಣಿಗೆ ಬೀಳದಂತೆ ಅಡಗಿಸಿದ್ದಾನೆ ಎಂದುಕೊಂಡೆ. ಕೆಟ್ಟ ಕಣ್ಣು ಯಾರದೆಂದು ಹೇಳಬೇಕಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಅದನ್ನು ಬಿಚ್ಚಿಕೊಂಡು ಬಂದೆ.

ತಾಯಿತ ಕಟ್ಟುವುದು ತೋಳಿಗೆ. ಸೈಕಲ್ಲಿಗೆ ತೋಳೆಂದರೆ ಹ್ಯಾಂಡಲ್ಲೇ ಅಲ್ಲವೇ? ಅಲ್ಲಿಗೇ ಕಟ್ಟಿ, ಮೇಲೆ ಟವೆಲ್ಲು ಸುತ್ತಿದೆ. ಮರುದಿನ ಅದನ್ನು ಮೂರು ಸಲ ಕಣ್ಣಿಗೊತ್ತಿಕೊಂಡು, ಇನ್ನೇನು ಹೆದರಿಕೆ ಎಂದು ಬೆಳಕು ಹರಿದ ಮೇಲೆ ಹೊರಟೆ.

ಇಟ್ಟಂಗಿಹಾಳದ ಹೊಲಗಳು ಕಾಣುವಲ್ಲಿ ಜಿಲಾನಿ ಸೈಕಲ್ ಮಲಗಿಸಿ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ. ಜನ್ಮದಲ್ಲೇ ಅಂಥ ಖುಷಿ ಕಂಡಿರಲಿಲ್ಲ. ಗಂಟೆ ಬಾರಿಸುತ್ತ ಅವನನ್ನು ದಾಟಿದೆ. ಹತ್ತು ಮಾರು ಹೋಗಿರಬೇಕು, ನನ್ನ ಹಿಂದಿನ ಗಾಲಿ ಬುಸ್ಸೆಂದಿತು.

ಅವನು ತೇಪೆ ಮುಗಿಸಿ ಬಂದ. ತೇಪೆ ಅಂಟಿಸುವ ಸೊಲ್ಯೂಷನ್ ಅವನದಕ್ಕೇ ತೀರಿತ್ತು. ನನ್ನದನ್ನು ತಾಯಿತ ನಂಬಿ ಮನೆಯಲ್ಲೇ ಬಿಟ್ಟಿದ್ದೆ. ನನ್ನ ಟವೆಲ್ಲು ಜಾರಿತ್ತು.

"ಗುರಲಿಂಗಾ, ನನ್ನ ಹಳೀ ಚಪ್ಪಲಿ ತುಂಡು ನಿನ್ನ ಹ್ಯಾಂಡಲ್‌ಗ ಯಾಕ ಕಟ್ಟೀಯೋ?"

"ಚಪ್ಪಲೀದ? ತಾಯಿತ ಅಲ್ಲನ ಇದು?"

"ಎಲ್ಲೀ ತಾಯಿತೋ ಮಾರಾಯಾ. ಟೈರಿಗೆ ತಾಗೂ ಹಂಗ ಕಟ್ಟಿದ್ದೆ. ಮುಳ್ಳು ಒಳಗ ಇಳಿಯೂದರಾಗ ಅದು ಕೆರದು ಒಗಿತೈತಿ. ಹ್ಯಾಂಡಲ್‌ಗ ಕಟ್ಟಿದರ ಗಾಳ್ಯಾಗಿನ ಮುಳ್ಳು ಹಿಡಿತೈತೇನು?"

ನಾನು ಕಣ್ಣು ಒರೆಸಿಕೊಂಡೆ. ಅಳುವಿಗಲ್ಲ, ಬೆಳಿಗ್ಗೆ ಒತ್ತಿಕೊಂಡದ್ದಕ್ಕೆ.

ಜಿಲಾನಿ ಬೈಯಲಿಲ್ಲ. ನನ್ನ ಸೈಕಲ್ಲನ್ನು ಪಕ್ಕದ ಹೊಲದ ಗುಡಿಸಲಲ್ಲಿ ಇಟ್ಟು, ಕ್ಯಾರಿಯರ್ ಮೇಲೆ ಕೂಡ್ರು ಎಂದ. ಎಪ್ಪತ್ತೆಂಟು ಕಿಲೋದ ನನ್ನನ್ನು ಹೇರಿಕೊಂಡು ಆ ಕಡ್ಡಿಯಂಥವನು ನಿಂತು ತುಳಿದ. ಜಿನ್ನಿನ ಗೇಟು ದಾಟಿದೆವು, ಭೋಂಗಾ ಊದಿತು.

ಇಬ್ಬರೂ ಹೊತ್ತಿಗೆ ಸರಿಯಾಗಿ ಬಂದಿದ್ದೆವು. ನನ್ನ ಆಸೆ ಇನ್ನೂ ಜೀವ ಹಿಡಿದಿತ್ತು. ಹಣಮಂತರಾಯರು ಬೆವರಲ್ಲಿ ತೊಯ್ದ ಅವನನ್ನು ನೋಡಿದರು, ಕ್ಯಾರಿಯರ್ ಮೇಲೆ ಒಣಗಿ ಕೂತಿದ್ದ ನನ್ನನ್ನೂ ನೋಡಿದರು.

"ಜಿಲಾನಿ, ಇಂಥಾ ಅಂಡಿಗಿ ಹೇರಿಕೊಂಡು ಭೋಂಗಾಕ್ಕ ಮೊದಲ ಬಂದೀದಿ. ಕಾಟಾ ನಿಂದ ನೋಡಪಾ."

ಹನ್ನೊಂದು ವರ್ಷ ನಾನು ಹೊತ್ತೆ, ಅವನು ತೂಗಿದ. ಕಾಟಾ ಸಿಕ್ಕ ಮರುದಿನವೇ ಅವನು ಆ ಹಳೇ ಜೋಡಿನ ಇನ್ನೊಂದು ಕಾಲಿನ ಚಪ್ಪಲಿ ಕತ್ತರಿಸಿ ನನ್ನ ಮಡ್‌ಗಾರ್ಡಿಗೂ ಕಟ್ಟಿಕೊಟ್ಟಿದ್ದ. ಆಮೇಲೆ ನನ್ನ ಸೈಕಲ್ ಪಂಕ್ಚರ್ ಆಗಲೇ ಇಲ್ಲ. ಒಮ್ಮೆಯಾದರೂ ಆಗಿದ್ದರೆ ಅವನ ಚಪ್ಪಲಿಯನ್ನಾದರೂ ಬೈದು ಸಮಾಧಾನ ಪಡುತ್ತಿದ್ದೆ.