ಕಂಪ್ಯೂಟರ್ ಪುಟ್ಟಯ್ಯನನ್ನು ಕರೆದ ರಾತ್ರಿ

೨೦೦೩ರ ಸೆಪ್ಟೆಂಬರ್ ೨೨, ಸೋಮವಾರ, ರಾತ್ರಿ ೯.೪೦. ದಿನಚರಿಯಲ್ಲಿ ಇರುವುದನ್ನೇ ಬರೆಯುತ್ತಿದ್ದೇನೆ, ಏನನ್ನೂ ಸೇರಿಸಿಲ್ಲ. ನಂಬುವುದು ನಿಮಗೆ ಬಿಟ್ಟದ್ದು.

ಆಗ ನಾನು ಹಾಸನದಲ್ಲಿದ್ದುಕೊಂಡು ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆ. ಆ ರಾತ್ರಿ ರಾಮನಾಥಪುರದ ಒಂದು ಹೊಗೆಸೊಪ್ಪಿನ ಮಂಡಿಯಲ್ಲಿದ್ದೆ. ಮಂಡಿಯ ಹೆಸರು 'ಚನ್ನೇಗೌಡ & ಪುಟ್ಟಯ್ಯ'. ಪುಟ್ಟಯ್ಯ ಯುಗಾದಿಯ ಹೊತ್ತಿಗೆ ತೀರಿಕೊಂಡಿದ್ದರು. ಬಿಲ್ಲಿನಿಂದ ಗೆಳೆಯನ ಹೆಸರು ಹೋಗಬಾರದು, ಚನ್ನೇಗೌಡರು ಕೇಳಿದ್ದು ಅದೊಂದೇ.

ಹೆಸರೇ ತೊಡಕಾಗಿತ್ತು. ಪ್ರೋಗ್ರಾಂ ಜೋಡಿಸುವ ಬಿಲ್ಡ್ ಸ್ಕ್ರಿಪ್ಟಿನಲ್ಲಿ & ಬಂದರೆ, ಕಂಪ್ಯೂಟರ್ ಅದರ ಮುಂದಿನ ಪದವನ್ನು ಹೊಸ ಆಜ್ಞೆ ಎಂದು ನಡೆಸಲು ಹೋಗುತ್ತದೆ. ಬಿಲ್ಲಿನಲ್ಲಿ ಚನ್ನೇಗೌಡ ಮಾತ್ರ ಉಳಿದರು. ಪುಟ್ಟಯ್ಯ ಎಂಬುದು ಇಲ್ಲಿ ಇಲ್ಲ ಎಂದು ಪರದೆ ಹೇಳಿತು.

ಪಕ್ಕದಲ್ಲೇ ಕೂತಿದ್ದ ಗೌಡರು ಅದರ ಅರ್ಥ ಕೇಳಿ ತಿಳಿದುಕೊಂಡರು.

"ಅಂಗಾರೆ ಇದು ಅವನ್ನ ಕರೀತಾ ಐತೆ ಅನ್ನಿ."

ಒಂದು ಲೆಕ್ಕಕ್ಕೆ ಹೌದು ಎಂದೆ.

"ರಾತ್ರಿ ಒತ್ತು ಒಂದ್ಸಲ ಕರದ್ರೆ ಯಾರೂ ಓ ಅನ್ನಾಕಿಲ್ಲ ಸಾ. ಮೂರ್ಸಲ ಕರೀಬೇಕು. ಬದುಕಿದ್ದಾಗ್ಲೂ ಅವ ಒಂದೇ ಕೂಗ್ಗೆ ಬಂದೋನಲ್ಲ."

&ಗೆ ಮೊದಲು ಅದು ಬರೀ ಅಕ್ಷರ ಎಂದು ತಿಳಿಸಲು ಒಂದು ಓರೆಗೆರೆ (\) ಇಟ್ಟು ಓಡಿಸಿದೆ. ಅದೇ ಉತ್ತರ. ಎರಡು ಓರೆಗೆರೆ ಇಟ್ಟೆ. ಮೊದಲಿನದೂ ಸೇರಿ ಇದು ಮೂರನೆಯ ಸಲ...

ಉತ್ತರವೇ ಬರಲಿಲ್ಲ. ಕರ್ಸರ್ ಮಿಟುಕುತ್ತ ನಿಂತಿತು... ಕರೆದ ಪ್ರೋಗ್ರಾಂ ಸಿಕ್ಕಿ ನಡೆಯುತ್ತಿರುವಾಗ ನಿಲ್ಲುವ ಹಾಗೆ.

ಹಿಂದಿನ ಗೋದಾಮಿನಲ್ಲಿ ತೂಕದ ಯಂತ್ರದ ಕಬ್ಬಿಣದ ಹಲಗೆ ಕಿರ್ ಎಂದಿತು. ಹೊಗೆಸೊಪ್ಪಿನ ಘಾಟಿನ ನಡುವೆ ನಶ್ಯದ ವಾಸನೆ... ನಾವಿಬ್ಬರೂ ನಶ್ಯ ಹಾಕುವವರಲ್ಲ.

ಪುಟ್ಟಯ್ಯ ದಿನವೂ ಬೀಗ ಹಾಕುವ ಮೊದಲು ಒಂದು ಚಿಟಿಕೆ ನಶ್ಯ ಏರಿಸಿ, ಆ ಹಲಗೆ ಹತ್ತಿ ತಮ್ಮ ತೂಕ ನೋಡಿಕೊಳ್ಳುತ್ತಿದ್ದರಂತೆ. ಅದನ್ನು ಹೇಳಿ ಗೌಡರು ಕತ್ತಲ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಎಷ್ಟ್ಲಾ ಇವತ್ತು?"

ಗೋದಾಮಿನ ಬೀಗ ತೆಗೆದು ಟಾರ್ಚ್ ಬಿಟ್ಟೆ. ಹಲಗೆ ಖಾಲಿ. ಮುಳ್ಳು ಮಾತ್ರ ನಿಧಾನವಾಗಿ ಸೊನ್ನೆಗೆ ಇಳಿಯುತ್ತಿತ್ತು. ನನಗೆ ಹೆದರಿಕೆಯೂ ಆಗಲಿಲ್ಲ. ಮುಳ್ಳು ನಿಲ್ಲುವವರೆಗೂ ನೋಡಿದೆ.

ವಾಪಸ್ ಬಂದು ಕೂತಾಗ ಸರಿಯಾದ ಗುರುತು ನೆನಪಾಯಿತು. ಈ ಕಂಪ್ಯೂಟರಿಗೆ ಓರೆಗೆರೆ ಅಲ್ಲ, ^ ಬೇಕು.

"ಇದನ್ನ ಇಟ್ಟರೆ ಹೆಸರು ಉಳಿಯುತ್ತೆ ಗೌಡ್ರೇ. ಆದರೆ ಕಂಪ್ಯೂಟರ್ ಇನ್ನು ಕರೆಯಲ್ಲ."

ಅವರು ಗೋದಾಮಿನ ಬೀಗ ಕೈಗೆ ತೆಗೆದುಕೊಂಡರು, ಹಾಕಲಿಲ್ಲ.

"ಬೆಳಿಗ್ಗೆ ಇಡಿ ಸಾ. ಇದೊಂದ್ ರಾತ್ರಿ ಅಂಗೇ ಇರ್ಲಿ."

ಬೆಳಿಗ್ಗೆ ಹೊಗೆಸೊಪ್ಪಿನ ಮೊದಲ ಬೇಲು ಬರುವ ಮುಂಚೆ ^ ಇಟ್ಟೆ. ಬಿಲ್ಲಿನಲ್ಲಿ ಎರಡೂ ಹೆಸರು ಬಂದವು. ಗೌಡರು ಅದನ್ನು ನೋಡಲಿಲ್ಲ, ಗೋದಾಮಿನ ಬಾಗಿಲನ್ನೇ ನೋಡುತ್ತಿದ್ದರು.

ಆ ಕಂಪ್ಯೂಟರಿನಲ್ಲಿ ಪುಟ್ಟಯ್ಯ ಎಂಬ ಪ್ರೋಗ್ರಾಂ ಇರಲಿಲ್ಲ, ಪೂರ್ತಿ ಹುಡುಕಿದ್ದೇನೆ. ಹಾಗಾದರೆ ಮೂರನೆಯ ಸಲ 'ಇಲ್ಲ' ಎಂದು ಏಕೆ ಬರಲಿಲ್ಲ? ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.