ಟ್ಯಾಮ್ಸಿನ್ ಅಗೆಯದೆ ಬಿಟ್ಟ ಜಾಗ

ಇಂಗ್ಲೆಂಡಿನ ನಾರ್ಫೋಕ್‌ನ ಒಂದು ಹಳ್ಳಿಯಲ್ಲಿ ಸ್ಕೂಲ್ ಬಸ್ ಓಡಿಸುತ್ತಿದ್ದ ಹಿಲರಿ ಗಾಟ್ಸ್‌ಗೆ ಇದ್ದದ್ದು ಒಂದೇ ಹುಚ್ಚು. ಬಾರ್ಲಿ ಕಟಾವಾದ ಹೊಲಗಳಲ್ಲಿ ಲೋಹ ಹುಡುಕುವ ಯಂತ್ರ ಹಿಡಿದು ಅಲೆಯುವುದು. ಗಂಡ ಸತ್ತ ಮೇಲೆ ಊರ ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡಳು. ಭಾನುವಾರ ಬೆಳಿಗ್ಗೆ ಲೋಹ ಹುಡುಕುವವರ ಕ್ಲಬ್ಬಿನ ಗಂಡಸರ ಹಿಂದೆ ಅವಳ ಪುಟ್ಟ ದಂಡು ಹೊರಡುತ್ತಿತ್ತು. ಹೊಲದವನನ್ನು ಕೇಳದೆ ಕಾಲಿಡಬಾರದು, ತೋಡಿದ ಗುಂಡಿ ಮುಚ್ಚದೆ ಕದಲಬಾರದು, ಸಿಕ್ಕಿದ್ದನ್ನು ಸದ್ದಿಲ್ಲದೆ ಜೇಬಿಗಿಳಿಸಬಾರದು, ಯುದ್ಧಕಾಲದ ಮದ್ದುಗುಂಡು ಕಂಡರೆ ಮುಟ್ಟದೆ ದೊಡ್ಡವರನ್ನು ಕೂಗಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಡುತ್ತಿದ್ದಳು.

ಟ್ಯಾಮ್ಸಿನ್ ಎಂಬ ಒಂಬತ್ತು ವರ್ಷದ ಹುಡುಗಿ ಇದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದಳು. ತುಕ್ಕು ಹಿಡಿದ ಮೊಳೆಯನ್ನೂ ತಂದು ತೋರಿಸುವಳು. ಕ್ಲಬ್ಬಿನ ಹಿರಿಯ ಡೆನ್ನಿಸ್ ಲ್ಯಾರ್ಟರ್‌ಗೆ ಅದೇ ತಮಾಷೆ.

“ಏನಮ್ಮಾ ಪ್ರೊಫೆಸರ್, ಇವತ್ತು ಯಾವ ರಾಜನ ಮೊಳೆ ಸಿಕ್ತು?”

ಸೆಪ್ಟೆಂಬರಿನ ಒಂದು ಭಾನುವಾರ ಟ್ಯಾಮ್ಸಿನ್ ಮಣ್ಣು ಮೆತ್ತಿದ ಅಂಗೈ ಚಾಚಿಕೊಂಡು ಓಡಿಬಂದಳು. “ಹಿಲರೀ! ಚಿನ್ನದ ನಾಣ್ಯ! ರೋಮನ್ನರದ್ದು!”

ಗಂಡಸರು ಸುತ್ತುಗಟ್ಟಿದರು. ಡೆನ್ನಿಸ್ ಟೋಪಿ ತೆಗೆದು ಮಂಡಿಯೂರಿದ. “ಮ್ಯೂಸಿಯಂಗೆ ಫೋನ್ ಮಾಡ್ರಪ್ಪಾ! ಇನ್ಮೇಲೆ ನಿಮ್ಮಮ್ಮ ಟರ್ಕಿ ಕೋಳಿ ಪುಕ್ಕ ಕೀಳೋ ಕೂಲಿಗೆ ಹೋಗೋದು ಬೇಕಾಗಿಲ್ಲ ಬಿಡು.”

“ನಿಜವಾಗ್ಲೂ?”

“ನಿಜ ಕಣೇ. ಎಲ್ಲಿ, ತಿರುಗಿಸು, ಚಕ್ರವರ್ತಿ ಮುಖ ನೋಡೋಣ.”

ಹಿಂಬದಿಯಲ್ಲಿ ಟೋಪಿ ತೊಟ್ಟ ತಲೆಬುರುಡೆಯಿತ್ತು. ಕಡಲ್ಗಳ್ಳರ ವೇಷಕ್ಕೆಂದು ಆಟಿಕೆ ಅಂಗಡಿಯಲ್ಲಿ ಮಾರುವ ಬಿಲ್ಲೆ. ಡೆನ್ನಿಸ್ ಅದನ್ನು ಬೆಳಿಗ್ಗೆಯೇ ಹೂತಿಟ್ಟಿದ್ದ. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ತಲೆಬುರುಡೆಯನ್ನು ಕಂಡು ಹಿಲರಿಗೂ ಕಿಸಕ್ಕನೆ ನಗು ಬಂತು. ಹುಡುಗಿ ತಲೆಯೆತ್ತಿದ್ದು ಆಗಲೇ.

“ಬಾ ಪುಟ್ಟಿ, ಅವರ ಹಣೆಬರಹ ಅಷ್ಟೇ,” ಎಂದು ಹಿಲರಿ ಅವಳನ್ನು ಬೇಲಿಯಂಚಿಗೆ ಕರೆದೊಯ್ದಳು. ಅಲ್ಲಿ ಟ್ಯಾಮ್ಸಿನ್‌ಳ ಯಂತ್ರ ಸ್ಪಷ್ಟವಾಗಿ ಕೂಗಿತು.

“ಅಗಿಯೇ! ಒಳ್ಳೇ ಸದ್ದು ಇದು.”

“ಇದನ್ನೂ ಅವರೇ ಹೂತಿರ್ತಾರೆ.”

ಹುಡುಗಿ ಯಂತ್ರವನ್ನು ನೆಲಕ್ಕಿಟ್ಟು ಹಿಲರಿಯ ಕಾರಿನತ್ತ ನಡೆದೇಬಿಟ್ಟಳು. ಅವಳನ್ನು ಸಮಾಧಾನ ಮಾಡಿ ಹಿಲರಿ ಮರಳುವಷ್ಟರಲ್ಲಿ ಡೆನ್ನಿಸ್ ಅದೇ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಕೈಯಲ್ಲಿ ಕೆಂಪು ಹರಳು ಕೂರಿಸಿದ ಚಿನ್ನದ ಪದಕವಿತ್ತು. ಸಾವಿರ ವರ್ಷಕ್ಕೂ ಹಳೆಯದು.

ಸಿಕ್ಕಿದ್ದನ್ನು ಅಧಿಕಾರಿಗಳಿಗೆ ತಿಳಿಸಿ ಅವನು ಎಲ್ಲವನ್ನೂ ಕಾನೂನಿನ ಪ್ರಕಾರವೇ ಮಾಡಿದ. ಮ್ಯೂಸಿಯಂ ಪದಕವನ್ನು ಕೊಂಡಿತು. ಬಂದ ಹಣದಲ್ಲಿ ಅರ್ಧ ಹೊಲದವನಿಗೆ ಹೋಯಿತು, ಅರ್ಧ ಅವನಿಗೆ. ಪತ್ರಿಕೆಯಲ್ಲಿ ಅವನ ಫೋಟೋ ಬಂತು.

ಪಬ್ಬಿನ ಹಿಂದಿನ ಕೋಣೆಯಲ್ಲಿ ಕ್ಲಬ್ಬಿನ ಸಭೆ ಸೇರಿದಾಗ ಹಿಲರಿ ಎದ್ದು ನಿಂತಳು. “ಆ ಸದ್ದು ಮೊದಲು ಕೇಳಿದ್ದು ಆ ಮಗು.”

“ಕೇಳಿದವರಿಗೆಲ್ಲ ಪಾಲು ಕೊಡೋಕೆ ಹೋದ್ರೆ ನನ್ನ ನಾಯಿಗೂ ಕೊಡಬೇಕಾಗುತ್ತೆ,” ಎಂದ ಡೆನ್ನಿಸ್. “ಸದ್ದು ಬಂದ್ರೆ ಅಗೀಬೇಕು ಅಂತ ನೀನು ಹೇಳ್ಕೊಡ್ಲಿಲ್ವಾ, ಟೀಚರಮ್ಮಾ?”

ಮತ್ತೆ ನಗು. ಮಕ್ಕಳು ಬಂದರೆ ಬರೀ ರಗಳೆ, ಮುಂದಿನ ಸುಗ್ಗಿಯಿಂದ ಅವರು ಬೇಡ ಎಂದು ಅಲ್ಲೇ ಕೈಯೆತ್ತಿ ತೀರ್ಮಾನಿಸಿದರು.

ಹಿಲರಿ ಹುಡುಗಿಯ ಮನೆಗೆ ಹೋದಳು. ತಾಯಿ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಮೆಟ್ಟಿಲ ಮೇಲೆ ಟ್ಯಾಮ್ಸಿನ್ ಕೂತಿದ್ದಳು.

“ನಾವಿಬ್ಬರೇ ಹೋಗೋಣ ಪುಟ್ಟಿ. ಆ ಗಂಡಸರು ಯಾರೂ ಇರಲ್ಲ.”

“ನೀವೂ ನಕ್ರಿ.”

“ಒಂದೇ ಒಂದ್ಸಲ ಕಣೇ. ತಡಕೊಳ್ಳೋಕಾಗ್ಲಿಲ್ಲ.”

“ನಾನು ನೋಡ್ದೆ.”

ತಾಯಿ ಬಾಗಿಲು ಮುಚ್ಚಿದಳು.

ಆಮೇಲೂ ಟ್ಯಾಮ್ಸಿನ್ ಅದೇ ಬಸ್ಸಿನಲ್ಲೇ ಶಾಲೆಗೆ ಹೋಗಬೇಕಾಯಿತು. ದಿನವೂ ಹಿಲರಿ “ಗುಡ್ ಮಾರ್ನಿಂಗ್, ಪುಟ್ಟಿ” ಎನ್ನುತ್ತಿದ್ದಳು. ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲವೇ ಇಲ್ಲವೆಂಬಂತೆ ಹುಡುಗಿ ದಾಟಿಹೋಗಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ದೊಡ್ಡ ಶಾಲೆ ಸೇರಿ ಬೇರೆ ಬಸ್ಸು ಹತ್ತುವವರೆಗೂ ಹಾಗೆಯೇ ನಡೆಯಿತು.