ಮೂಟೆಗೊಂದು ಕಿಲೋ ಕಡಿತ

ಮಂಡಿಗಳಿಗೆ ಕಂಪ್ಯೂಟರ್ ಬರತೊಡಗಿದ್ದ ಕಾಲ. ಚಿಂತಾಮಣಿಯ ಹುಣಸೆಹಣ್ಣಿನ ಮಂಡಿಯೊಂದರಲ್ಲಿ ತೂಕದ ಚೀಟಿ ಮುದ್ರಿಸುವುದು ನನ್ನ ಕೆಲಸ; ಪ್ರೋಗ್ರಾಂ ಬರೆದವಳೂ ನಾನೇ. ಸಾಹುಕಾರರು ತೂಕದಲ್ಲಿ ಮೂಟೆಗೊಂದು ಕಿಲೋ ಕಡಿತ ಮಾಡಿಸುತ್ತಿದ್ದರು. ಗೋಣಿಯ ತೂಕವಂತೆ, ಧೂಳಂತೆ. ರೈತರು ಕೇಳಿದರೆ, "ನಾನೇನ್ ಮಾಡ್ಲಪ್ಪ, ಕಂಪ್ಯೂಟರ್ ಕಡಿಯುತ್ತೆ" ಎಂದು ನನ್ನ ಕಡೆ ಕೈ ತೋರಿಸುವರು. ಬೈಸಿಕೊಳ್ಳುವವಳು ನಾನು.

ಮೈ ಉರಿಯುತ್ತಿತ್ತು. ಎದುರು ಮಾತಾಡಿದರೆ ಕೆಲಸ ಹೋಗುತ್ತದೆ, ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಸಂಬಳದಲ್ಲಿ. ಹಾಗಾಗಿ ಪ್ರೋಗ್ರಾಂನೊಳಗೆ ಬೈಯುತ್ತಿದ್ದೆ. ಎರಡು ಓರೆಗೀಟು ಹಾಕಿ ಏನು ಬರೆದರೂ ಕಂಪ್ಯೂಟರ್ ಗಮನಿಸುವುದಿಲ್ಲ. ಅದಕ್ಕೆ ಕಾಮೆಂಟ್ ಎನ್ನುತ್ತಾರೆ. ಲೆಕ್ಕದ ವಿವರಣೆ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ನಮ್ಮ ಕಡೆ ಸಿಟ್ಟು ತೆಲುಗಿನಲ್ಲೇ ಸಲೀಸು.

ಒಂದು ಬೆಳಿಗ್ಗೆ ಸಾಹುಕಾರರು, "ನಮ್ಮಕ್ಕನ ಮಗ ಬರ್ತಾವ್ನೆ ಕಣಮ್ಮ, ಇಂಜಿನಿಯರಿಂಗ್ ಓದ್ತಾನೆ. ನಿನ್ನ ಪ್ರೋಗ್ರಾಂ ಒಳಗೆಲ್ಲ ನೋಡ್ಬೇಕಂತೆ" ಅಂದರು. ಅವರ ಮನೆಮಾತೇ ತೆಲುಗು.

ಗ್ರೆಪ್ ಎಂಬ ಆಜ್ಞೆ ಕೊಟ್ಟರೆ, ಕೇಳಿದ ಗುರುತಿರುವ ಸಾಲುಗಳನ್ನೆಲ್ಲ ಅದು ಹೆಕ್ಕಿ ತೋರಿಸುತ್ತದೆ. ಓರೆಗೀಟು ಹುಡುಕಿಸಿದೆ, ಪರದೆಯ ತುಂಬ ನನ್ನದೇ ಬಾಯಿ. ಒಂದೊಂದಾಗಿ ಅಳಿಸಲು ಹೊತ್ತಿರಲಿಲ್ಲ. ಅದೇ ಆಜ್ಞೆಗೆ ಒಂದಕ್ಷರ ಸೇರಿಸಿದರೆ ಆ ಸಾಲುಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಕೊಡುತ್ತದೆ. ಹಾಗೇ ಮಾಡಿ, ಪ್ರೋಗ್ರಾಂ ಹೊಸದಾಗಿ ಕಂಪೈಲ್ ಮಾಡಿ ಓಡಲು ಬಿಟ್ಟು, ಮುಖ ತೊಳೆದು ಬಂದು ಕೂತೆ.

ಹುಡುಗ ಬಂದು ಪ್ರೋಗ್ರಾಂ ಮೇಲಿಂದ ಕೆಳಗೆ ನೋಡಿದ. "ಮಾವ, ಇದ್ರಲ್ಲಿ ಒಂದು ಕಾಮೆಂಟೂ ಇಲ್ಲ. ಯಾಕೆ ಹೀಗ್ ಮಾಡಿದೀವಿ ಅಂತ ಬರೀಬೇಕು" ಎಂದ. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಮಂಡಿಕಲ್ ಕಡೆಯ ಅಜ್ಜಿಯೊಬ್ಬರು, ನಾನು ಆಗಷ್ಟೇ ಮುದ್ರಿಸಿಕೊಟ್ಟ ಚೀಟಿ ಓದಿಸಿಕೊಂಡು ಬಂದು, "ಈ ಸಲ ಕಡಿದೇ ಇಲ್ವಲ್ಲಪ್ಪ" ಅಂದರು.

ಆಗ ಹೊಳೆಯಿತು. ಕಾಮೆಂಟನ್ನು ಬೇರೆ ಸಾಲಿನಲ್ಲಿ ಬರೆಯುವುದು ನನ್ನ ರೂಢಿ. ಕಡಿತದ ಹತ್ತಿರ ಮಾತ್ರ ಸಿಟ್ಟು ತಡೆಯದೆ ಲೆಕ್ಕದ ಸಾಲಿಗೇ ಅಂಟಿಸಿ ಬೈದಿದ್ದೆ. ಇಡೀ ಸಾಲೇ ಅಳಿದು, ಬೈಗುಳದ ಜೊತೆ ಕಡಿತವೂ ಹೋಗಿತ್ತು. ಕೆಲಸವೂ ಹೋಯಿತು ಅಂದುಕೊಂಡೆ.

ಸಾಹುಕಾರರು ನನ್ನನ್ನು ನೋಡಿದರು, ಸುತ್ತ ನೆರೆದಿದ್ದ ರೈತರನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, "ನಾನೇನ್ ಮಾಡ್ಲಮ್ಮ, ಕಂಪ್ಯೂಟರ್ ಕಡೀಲಿಲ್ಲ" ಅಂದರು.

ಮುಂದಿನ ಸಂತೆಯ ದಿನ ನಮ್ಮ ಮಂಡಿಯ ಮುಂದೆ ಗಾಡಿಗಳು ರಸ್ತೆಯ ತನಕ ನಿಂತಿದ್ದವು. ಸಾಹುಕಾರರು ಅದನ್ನು ನೋಡುತ್ತ ನಿಂತವರು ನನ್ನ ಮೇಜಿನ ಹತ್ತಿರ ಬಂದರು.

"ಅದೇನೋ ಕಾಮೆಂಟ್ ಬರೀಬೇಕಂತಲ್ಲಮ್ಮ. ಇಲ್ಲಿ ಕಡಿತ ಇಲ್ಲ ಅಂತ ಬರಿ."

ಬರೆದೆ. ಕನ್ನಡದಲ್ಲಿ, ಬೇರೆ ಸಾಲಿನಲ್ಲಿ.